ಕೆಂಡ ಕಂಡ ಚಹಾ

ನಮ್ಮ ಸಂಘದ ಸಭೆ ಮುಗಿದ ಮೇಲೆ ಚಹಾ ಬರುವುದು ವಾಡಿಕೆ. ಗಾಜಿನ ಗ್ಲಾಸಿನಲ್ಲಿ ಅರ್ಧಕ್ಕೆ ಬರುವ ಆ ಕಟಿಂಗ್ ಚಹಾಕ್ಕೆ ಇಟ್ಟಿಗೆಯ ಬಣ್ಣ. ಅದರಲ್ಲಿ ಶುಂಠಿಯ ರುಚಿ ಇದೆ, ಸಕ್ಕರೆಯ ರುಚಿ ಇದೆ, ಹಾಲಿನ ರುಚಿ ಇದೆ. ಎಲೆಯ ರುಚಿ ಯಾವುದಪ್ಪಾ ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಒಬ್ಬರೂ ಹೇಳಲಾರೆವು. ನಾನೂ ಹೇಳಲಾರದವನೇ ಆಗಿದ್ದೆ. ನನ್ನ ತಂದೆಯವರು ಇದೇ ಮುಂಬಯಿಯ ಹೊಟೇಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಚಹಾ ಮಾಡುವವರು, ಆದರೂ!

ಹಡಗಿನಲ್ಲಿ ಕೆಲಸ ಮಾಡುವ ನನ್ನ ಸೋದರಮಾವ ಕಳೆದ ವರ್ಷ ಚೀನಾದ ಶಿಯಾಮೆನ್ ಬಂದರಿನಿಂದ ಒಂದು ತಗಡಿನ ಡಬ್ಬಿ ತಂದರು. ಮುಚ್ಚಳ ತೆಗೆದರೆ ಒಳಗೆ ಕಪ್ಪಗೆ, ಉದ್ದಕ್ಕೆ, ತಿರುಚಿಕೊಂಡಿರುವ ಎಲೆಗಳು. ಸುಟ್ಟ ಹಗ್ಗದ ತುಂಡುಗಳ ಹಾಗೆ. ಅಮ್ಮ ದಿನದಂತೆ ಹಾಲು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದರು. ಕುಡಿದು ನೋಡಿದರೆ ಹೊಗೆ ಹಿಡಿದ ಹಾಲು. ಅಪ್ಪ ಲೋಟ ಕೆಳಗಿಟ್ಟು, "ಇದನ್ನು ಅಷ್ಟು ದೂರದಿಂದ ಹೊತ್ತುಕೊಂಡು ಬಂದದ್ದಾ ಭಾವ?" ಅಂದರು. ಮಾವನಿಗೆ ನಗು. "ಹಾಲು ಹಾಕು ಅಂತ ಯಾರು ಹೇಳಿದ್ದು ಮಾರಾಯ್ರೆ? ಇದು ಹಾಗೆ ಕುಡಿಯುವುದಲ್ಲ" ಅಂತ ಹೇಳಿ ತಾವೇ ಅಡುಗೆ ಮನೆಗೆ ಹೋದರು. ಒಂದು ಪಿಂಗಾಣಿ ಬಟ್ಟಲು, ಅದರ ಮೇಲೆ ಮುಚ್ಚಲು ಒಂದು ಸಾಸರು, ಕುದಿಯುವ ನೀರು, ಇಷ್ಟೇ. ಹತ್ತು ಎಣಿಸುವಷ್ಟರಲ್ಲಿ ಬಸಿದು ಕೊಟ್ಟರು. ಬಣ್ಣ ಜೇನುತುಪ್ಪದ್ದು. ಮೊದಲ ಗುಟುಕಿಗೆ ಹುರಿದ ಶೇಂಗಾದ ವಾಸನೆ ಬಂತು, ಆಮೇಲೆ ಯಾವುದೋ ಹೂವಿನದು. ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಆರು ಸಲ ಕೊಟ್ಟರು. ಆರು ಸಲವೂ ರುಚಿ ಬೇರೆ ಬೇರೆ! ಅವತ್ತಿನಿಂದ ನನಗೆ ಇದರ ಹುಚ್ಚು ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿ, ಮಾವನನ್ನು ಪೀಡಿಸಿ, ದುಡ್ಡು ಕಳೆದುಕೊಂಡೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಜಾತಿಯ ಚಹಾಕ್ಕೆ ಊಲಾಂಗ್ ಅಂತ ಹೆಸರು. ಚೀನೀ ಭಾಷೆಯಲ್ಲಿ ಹಾಗಂದರೆ ಕರಿ ಡ್ರ್ಯಾಗನ್. ಇದರ ತವರು ಆಗ್ನೇಯ ಚೀನಾದ ಫುಜಿಯಾನ್ ಪ್ರಾಂತ. ಭಾಷೆಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಚೀನಾದ ಬಹುಪಾಲು ಕಡೆ ಚಹಾಕ್ಕೆ 'ಚಾ' ಅಂತಲೇ ಅನ್ನುತ್ತಾರೆ. ಆದರೆ ಫುಜಿಯಾನಿನ ದಕ್ಷಿಣ ಕರಾವಳಿಯವರ ಬಾಯಲ್ಲಿ ಅದು 'ತೆ'. ಅಲ್ಲಿಂದ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋದ 'ತೆ' ಇಂಗ್ಲಿಷಿನಲ್ಲಿ 'ಟೀ' ಆಯಿತು. ನೆಲದ ದಾರಿಯಲ್ಲಿ ಹೋದದ್ದು 'ಚಾ', 'ಚಾಯ್', 'ಚಹಾ' ಆಗಿ ಉಳಿಯಿತು. ಮೈಸೂರಿನ ಕಡೆಯವರು ಟೀ ಅಂತಾರೆ, ಮಂಗಳೂರು, ಧಾರವಾಡದ ಕಡೆಯವರು ಚಾ ಅಂತಾರೆ. ನಮ್ಮ ಸಂಘದಲ್ಲೇ ಎರಡೂ ಪಂಗಡದವರು ಕೂತು ವಾದ ಮಾಡುವುದುಂಟು. ಎರಡು ಮಾತೂ ಚೀನಾದ್ದೇ ಅಂತ ತಿಳಿದರೆ ಜಗಳ ಅಲ್ಲಿಗೆ ಮುಗಿಯಬೇಕು.

ಹಸಿರು ಚಹಾ, ಊಲಾಂಗ್, ನಾವು ದಿನಾ ಕುಡಿಯುವ ಕಪ್ಪು ಚಹಾ, ಎಲ್ಲವೂ ಒಂದೇ ಜಾತಿಯ ಗಿಡದ ಎಲೆ. ಕಿತ್ತ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ. ಸೇಬನ್ನು ಹೆಚ್ಚಿಟ್ಟರೆ ಕಂದುಬಣ್ಣಕ್ಕೆ ತಿರುಗುತ್ತದಲ್ಲ, ಎಲೆ ಜಜ್ಜಿದರೂ ಅದೇ ಆಗುತ್ತದೆ. ಹಸಿರು ಚಹಾದಲ್ಲಿ ಬೇಗ ಬಿಸಿ ಮುಟ್ಟಿಸಿ ಅದನ್ನು ಆಗಗೊಡುವುದಿಲ್ಲ. ಕಪ್ಪು ಚಹಾದಲ್ಲಿ ಪೂರ್ತಿ ಆಗಗೊಡುತ್ತಾರೆ. ಊಲಾಂಗಿನಲ್ಲಿ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಆ 'ಎಲ್ಲೋ' ಅನ್ನುವುದೇ ಕಷ್ಟದ ಕೆಲಸ. ಇದಕ್ಕೆ ಎಳೆ ಕುಡಿ ಬೇಡ. ಮೂರು ನಾಲ್ಕು ಎಲೆ ಬಲಿತು ಬಿಡಿಸಿಕೊಂಡಿರಬೇಕು. ಬಿಸಿಲಿನಲ್ಲಿ ಸ್ವಲ್ಪ ಬಾಡಿಸಿ, ಆಮೇಲೆ ಬಿದಿರಿನ ಮೊರದಲ್ಲಿ ಹಾಕಿ ಕುಲುಕುತ್ತಾರೆ. ಎಲೆಯ ಅಂಚು ಒಂದಕ್ಕೊಂದು ತಾಗಿ ಜಜ್ಜುತ್ತದೆ. ಕುಲುಕುವುದು, ಸುಮ್ಮನೆ ಬಿಡುವುದು, ಮತ್ತೆ ಕುಲುಕುವುದು, ಹೀಗೆ ರಾತ್ರಿಯೆಲ್ಲ. ಅಂಚು ಕೆಂಪಾಗಿ ನಡು ಹಸಿರಾಗಿ ಉಳಿದು, ಕೋಣೆಯಲ್ಲಿ ಹೂವಿನ ವಾಸನೆ ಎದ್ದಾಗ, ಕಾದ ಬಾಣಲೆಗೆ ಹಾಕಿ ಅಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ಹೊಸೆದು ಒಣಗಿಸುತ್ತಾರೆ. ಇಲ್ಲಿಗೆ ಚಹಾ ಆಯಿತು. ಕುಡಿಯಲೂಬಹುದು. ಆದರೆ ನಾನು ಹೇಳಹೊರಟ ಚಹಾದ ಕತೆ ಇನ್ನೂ ಅರ್ಧ ಬಾಕಿ ಇದೆ.

ಇನ್ನರ್ಧ ಬೆಂಕಿಯದು. ಇದನ್ನು ಕನ್ನಡದಲ್ಲಿ 'ಹುರಿಯುವುದು' ಅಂದರೆ ಪೂರ್ತಿ ಸರಿಯಾಗದು. ಬಾಣಲೆಯಲ್ಲಿ ಕೈಯಾಡಿಸುತ್ತ ಹುರಿಯುವುದಕ್ಕೆ ಚೀನೀಯರಲ್ಲಿ ಒಂದು ಮಾತು, ಕೆಂಡದ ಮೇಲೆ ದೂರದಲ್ಲಿಟ್ಟು ಕಾವು ಕೊಡುವುದಕ್ಕೆ ಬೇರೆಯೇ ಮಾತು. ಮೊದಲನೆಯದು 'ಚಾವ್', ಎರಡನೆಯದು 'ಬೇಯ್'. ಈ ಚಹಾ ಎರಡನ್ನೂ ಕಾಣುತ್ತದೆ. ಎಲೆಯ ಹಸಿತನ ನಿಲ್ಲಿಸುವುದು ಚಾವ್, ಕೊನೆಗೆ ಗುಣ ಬರಿಸುವುದು ಬೇಯ್. ನಮ್ಮಲ್ಲಿ 'ಕಾವು ಕೊಡುವುದು' ಅನ್ನುವುದು ಅದಕ್ಕೆ ಹತ್ತಿರ. ಆದರೂ ನಾಲಿಗೆಗೆ ರೂಢಿಯಾದ್ದರಿಂದ ಹುರಿದ ಚಹಾ ಅಂತಲೇ ಅನ್ನುತ್ತೇನೆ.

ಫುಜಿಯಾನಿನ ವಾಯವ್ಯಕ್ಕೆ ವೂಯಿ ಅನ್ನುವ ಬೆಟ್ಟಗಳಿವೆ. ಅಲ್ಲಿ ಹಳೆಯ ಪದ್ಧತಿ ಹೀಗೆ: ನೆಲದಲ್ಲಿ ಸಾಲಾಗಿ ಇಟ್ಟಿಗೆಯ ಗುಂಡಿಗಳು. ಅದರಲ್ಲಿ ಇದ್ದಿಲನ್ನು ಒಡೆದು ಒತ್ತಾಗಿ ತುಂಬಿ ಹೊತ್ತಿಸುತ್ತಾರೆ. ಹೊಗೆ, ಜ್ವಾಲೆ ಎಲ್ಲ ಅಡಗಿ ಬರೇ ಕೆಂಡ ಉಳಿಯುವ ತನಕ ಎಲೆಯನ್ನು ಹತ್ತಿರ ತರುವುದಿಲ್ಲ. ಆಮೇಲೆ ಕೆಂಡದ ಮೇಲೆ ಬೂದಿ ಹರಡುತ್ತಾರೆ. ಈ ಬೂದಿಯೇ ಅವರ ಗ್ಯಾಸ್ ಒಲೆಯ ಕಿವಿ! ಬೂದಿ ದಪ್ಪ ಮಾಡಿದರೆ ಕಾವು ಇಳಿಯಿತು, ತೆಳ್ಳಗೆ ಮಾಡಿದರೆ ಏರಿತು. ಅದರ ಮೇಲೆ ನಡುವಿನಲ್ಲಿ ಜರಡಿ ಇರುವ ಬಿದಿರಿನ ಬುಟ್ಟಿ, ಜರಡಿಯ ಮೇಲೆ ಎಲೆ. ಆಗಾಗ ಎಲೆ ತಿರುವಿ ಹಾಕಬೇಕು. ತಿರುವುವಾಗ ಬುಟ್ಟಿಯನ್ನು ಗುಂಡಿಯಿಂದ ಎತ್ತಿ ಪಕ್ಕಕ್ಕೆ ಇಡುತ್ತಾರೆ. ಯಾಕಂದ್ರೆ ಎಲೆಯ ಪುಡಿ ಕೆಂಡಕ್ಕೆ ಬಿದ್ದರೆ ಹೊಗೆಯೇಳುತ್ತದೆ, ಎಲೆ ಅದನ್ನು ಹೀರಿಕೊಂಡುಬಿಡುತ್ತದೆ. ನನಗೆ ಮೊದಲು ಆಶ್ಚರ್ಯವಾದದ್ದು ಇದೇ. ಹುರಿದ ಚಹಾ ಅಂದರೆ ಹೊಗೆಯ ಚಹಾ ಅಂತ ತಿಳಿದಿದ್ದೆ. ಅಲ್ಲ. ಅದೇ ವೂಯಿ ಸೀಮೆಯಲ್ಲಿ ಪೈನ್ ಮರದ ಹೊಗೆ ಹಿಡಿಸಿದ ಲಾಪ್ಸಾಂಗ್ ಸೂಚಾಂಗ್ ಅನ್ನುವ ಬೇರೊಂದು ಚಹಾ ಇದೆ, ಅದು ಕಪ್ಪು ಚಹಾ. ಊಲಾಂಗಿನಲ್ಲಿ ಹೊಗೆ ಕಂಡರೆ ಅದು ದೋಷ.

ಒಂದು ಸಲ ಕೂರಿಸಿದರೆ ಹಲವು ಗಂಟೆಗಳ ಕೆಲಸ. ಮುಗಿದ ಮೇಲೆ ಚಹಾವನ್ನು ವಾರಗಟ್ಟಲೆ ಸುಮ್ಮನೆ ಇಟ್ಟು, ಪುನಃ ಕಾವು ಕೊಡುತ್ತಾರೆ. ಹೀಗೆ ಎರಡು ಸಲ, ಮೂರು ಸಲ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಕಿತ್ತ ಎಲೆ ಕುಡಿಯಲು ಹದವಾಗುವಾಗ ಶರತ್ಕಾಲ ಬಂದಿರುತ್ತದೆ. ಹೆಚ್ಚು ಬೆಂಕಿ ಕಂಡದ್ದಾದರೆ ಇನ್ನೂ ತಡ. ಹೊಸತಾಗಿ ಕೆಂಡದಿಂದ ಇಳಿದ ಚಹಾ ಒರಟು, ಬಾಯಿ ಒಣಗಿಸುತ್ತದೆ. ಆ ಉರಿ ಇಳಿಯಲಿಕ್ಕೆ ತಿಂಗಳುಗಳು ಬೇಕು. ಉಪ್ಪಿನಕಾಯಿ ಹಾಕಿದ ದಿನವೇ ತಿನ್ನುವವರಿಗೆ ಈ ಚಹಾ ಹೇಳಿದ್ದಲ್ಲ.

ಇಷ್ಟೆಲ್ಲ ಯಾಕೆ? ಮೊದಲು ಅದು ಸರಕು ಕೆಡದಿರಲಿಕ್ಕೆ ಮಾಡಿದ ಉಪಾಯ. ಎಲೆಯೊಳಗಿನ ತೇವ ಹೋದರೆ ಚಹಾ ತಾಳುತ್ತದೆ. ಆದರೆ ಕಾವು ಬೇರೆ ಕೆಲಸವನ್ನೂ ಮಾಡುತ್ತದೆ. ಹಸಿ ಹುಲ್ಲಿನಂಥ ವಾಸನೆ ಹಾರಿಹೋಗುತ್ತದೆ. ಒಗರು ಕಡಿಮೆಯಾಗುತ್ತದೆ. ಎಲೆಯಲ್ಲಿರುವ ಅಮೈನೋ ಆಮ್ಲಗಳೂ ಸಕ್ಕರೆಗಳೂ ಸೇರಿ ಹೊಸ ಪರಿಮಳಗಳು ಹುಟ್ಟುತ್ತವೆ. ಫ್ರಾನ್ಸಿನ ಮೆಯಾರ್ ಅನ್ನುವ ರಸಾಯನ ಶಾಸ್ತ್ರಜ್ಞ 1912ರಲ್ಲಿ ಈ ಕ್ರಿಯೆಯನ್ನು ಮೊದಲು ವಿವರಿಸಿದ. ದೋಸೆ ಕೆಂಪಾಗುವುದು, ಶೇಂಗಾ ಹುರಿದಾಗ ಘಮ್ಮೆನ್ನುವುದು, ಕಾಫಿ ಬೀಜ ಬಣ್ಣ ತಿರುಗುವುದು, ಎಲ್ಲದರ ಹಿಂದೆಯೂ ಈ ಮೆಯಾರನ ಕೈವಾಡವಿದೆ. ಹಾಗಾಗಿ ಚಹಾದಲ್ಲಿ ನಮಗೆ ಶೇಂಗಾದ ವಾಸನೆ ಬಂದರೆ ಅದು ಬರೀ ಕಲ್ಪನೆಯಲ್ಲ. ಇನ್ನೊಂದು ಮಾತು: ಹುರಿದ ಚಹಾದಲ್ಲಿ ಕೆಫೀನ್ ಇರುವುದಿಲ್ಲ, ರಾತ್ರಿ ಕುಡಿಯಬಹುದು ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಿ ಪರೀಕ್ಷೆಯ ಹಿಂದಿನ ರಾತ್ರಿ ಕುಡಿದು ನಾನು ಎರಡು ಗಂಟೆಯ ತನಕ ಸೂರು ನೋಡುತ್ತ ಮಲಗಿದ್ದೆ. ಕೆಫೀನಿನ ದೊಡ್ಡ ಪಾಲು ಎಲೆಯಲ್ಲೇ ಇರುತ್ತದೆ.

ಈಗ ಮುಖ್ಯ ವಿಷಯ. ಹುರಿದ ಚಹಾದಲ್ಲಿ ನಾವು ಸವಿಯಬೇಕಾದ್ದು ಬೆಂಕಿಯನ್ನಲ್ಲ. ಬೆಂಕಿ ಒಂದು ಮಸಾಲೆಯ ಹಾಗೆ ಮೇಲಿಂದ ಹಾಕಿದ್ದಲ್ಲ. ಅದು ಎಲೆಯೊಳಗೆ ಹೋಗಿ ಎಲೆಯದನ್ನೇ ಹೊರಗೆ ತರಬೇಕು. ಒಳ್ಳೆಯ ಹುರಿತದಲ್ಲಿ ಬೆಂಕಿ ಬಾಗಿಲು ತೆರೆದು ಪಕ್ಕಕ್ಕೆ ಸರಿಯುತ್ತದೆ. ಕೆಟ್ಟದ್ದರಲ್ಲಿ ಬಾಗಿಲಲ್ಲೇ ನಿಂತಿರುತ್ತದೆ. ಇದನ್ನು ಗುರುತಿಸಬೇಕಾದರೆ ಒಂದೇ ಎಲೆಗೆ ಹಲವು ಸಲ ನೀರು ಹಾಕಿ ಕುಡಿಯದೆ ಬೇರೆ ದಾರಿ ಇಲ್ಲ.

ಚೀನೀಯರು ಇದಕ್ಕೆ 'ಗಾಯ್‌ವಾನ್' ಅನ್ನುವ ಮುಚ್ಚಳದ ಬಟ್ಟಲು ಬಳಸುತ್ತಾರೆ. ನಮಗೆ ನೂರು ಮಿಲಿಲೀಟರಿನ ಆಸುಪಾಸು ಹಿಡಿಯುವ ಪಿಂಗಾಣಿ ಕಪ್ಪು, ಮುಚ್ಚಲು ಸಾಸರು ಸಾಕು. ಎಲೆ ಐದು ಗ್ರಾಮಿನಷ್ಟು. ವೂಯಿಯ ಉದ್ದೆಲೆಯಾದರೆ ಅರ್ಧ ಕಪ್ಪಿಗೂ ಮೀರಿ ಬರುತ್ತದೆ, ಹೆದರಬೇಡಿ. ಉಂಡೆ ಕಟ್ಟಿದ ಎಲೆಯಾದರೆ ತಳ ಮುಚ್ಚುವಷ್ಟು. ನೀರು ಕೊತಕೊತ ಕುದಿದಿರಬೇಕು. ಹಸಿರು ಚಹಾದ ಹಾಗೆ ಇದಕ್ಕೆ ನಾಜೂಕು ಬೇಡ. ಮೊದಲು ಖಾಲಿ ಕಪ್ಪಿಗೆ ಬಿಸಿ ನೀರು ಹಾಕಿ ಚೆಲ್ಲಿ. ಆ ಬಿಸಿ ಕಪ್ಪಿಗೆ ಒಣ ಎಲೆ ಹಾಕಿ, ಮುಚ್ಚಿ, ಎರಡು ಸಲ ಕುಲುಕಿ, ಮುಚ್ಚಳ ಸರಿಸಿ ಮೂಸಿ ನೋಡಿ. ಅರ್ಧ ಕತೆ ಇಲ್ಲೇ ಗೊತ್ತಾಗುತ್ತದೆ. ಆಮೇಲೆ ನೀರು. ಹತ್ತು ಹದಿನೈದು ಸೆಕೆಂಡಿಗೆ ಪೂರ್ತಿ ಬಸಿಯಬೇಕು, ಒಂದು ಹನಿಯೂ ಒಳಗೆ ಉಳಿಯಬಾರದು. ಮೂರು ಬಟ್ಟಲಿನ ತನಕ ಹೀಗೆ, ಆಮೇಲೆ ಪ್ರತಿ ಸಲ ಐದು ಹತ್ತು ಸೆಕೆಂಡು ಹೆಚ್ಚಿಸುತ್ತ ಹೋಗಿ. ಬಿಸಿಯಿರುವಾಗ ಗಾಳಿ ಸೇರಿಸಿ ಸುರ್ ಅಂತ ಎಳೆದು ಕುಡಿಯಬೇಕು. ಮನೆಯಲ್ಲಿ ಬೈಸಿಕೊಂಡರೂ ಚಿಂತೆಯಿಲ್ಲ.

ಮೊದಲ ಬಟ್ಟಲಿನಲ್ಲಿ ಬೆಂಕಿಯದೇ ದರ್ಬಾರು. ಹುರಿಹಿಟ್ಟಿನ ವಾಸನೆ, ಹುರಿದ ಶೇಂಗಾದ ಸಿಪ್ಪೆ, ಕಂದು ಬಣ್ಣಕ್ಕೆ ಬಂದ ಸಕ್ಕರೆಪಾಕ. ಎರಡು ಮೂರನೆಯದರಲ್ಲಿ ಅದು ಹಿಂದಕ್ಕೆ ಹೋಗಿ ಎಲೆ ಮುಂದೆ ಬರುತ್ತದೆ. ಯಾವ ಜಾತಿಯ ಗಿಡ ಅನ್ನುವುದು ಇಲ್ಲಿ ತಿಳಿಯಬೇಕು. ವೂಯಿಯಲ್ಲಿ 'ರೋಗ್ವೇ' ಅಂತ ಒಂದು ಜಾತಿ ಇದೆ. ಆ ಹೆಸರಿಗೆ ದಾಲ್ಚಿನ್ನಿ ಅಂತಲೇ ಅರ್ಥ, ನಾಲಿಗೆಯ ಮೇಲೂ ಆ ಚುರುಕು ಇದೆ. 'ಶ್ವೇ ಶ್ಯೆನ್' ಅನ್ನುವುದು ಸೌಮ್ಯ, ದಪ್ಪ, ಹಳೆಯ ಮರದ ಪೆಟ್ಟಿಗೆ ತೆರೆದ ಹಾಗೆ. ಮಾವ ತಂದದ್ದು ಇದೇ. ನಾಲ್ಕು ಐದನೇ ಬಟ್ಟಲಿಗೆ ಬಂದಾಗ ಹೂವು, ಮರ ಎಲ್ಲ ತೆಳುವಾಗಿ ಕೆಳಗಿನಿಂದ ಕಲ್ಲಿನಂಥದ್ದೇನೋ ಬರುತ್ತದೆ. ಕಲ್ಲಿಗೆ ರುಚಿ ಇದೆಯಾ ಅಂತ ಕೇಳಬೇಡಿ. ಕಾದ ಹಾಸುಗಲ್ಲಿನ ಮೇಲೆ ಮೊದಲ ಮಳೆ ಹನಿ ಬಿದ್ದಾಗ ಮೂಗಿಗೆ ಬರುವುದು ಯಾವುದೋ ಅದು. ವೂಯಿಯವರು ಇದನ್ನು 'ಯೆನ್ ಯುನ್' ಅನ್ನುತ್ತಾರೆ. ಬಂಡೆಯ ಲಯ ಅಂತ ಹೇಳಬಹುದು. ಅಲ್ಲಿ ಗಿಡಗಳು ಬೆಳೆಯುವುದೇ ಕೆಂಪು ಬಂಡೆಗಳ ನಡುವಿನ ಇಕ್ಕಟ್ಟಾದ ಕಮರಿಗಳಲ್ಲಿ. ಚಹಾಕ್ಕೇ 'ಬಂಡೆ ಚಹಾ' ಅಂತ ಹೆಸರು.

ನುಂಗಿದ ಮೇಲೆ ಒಂದು ನಿಮಿಷ ಮಾತಾಡದೆ ಕೂತುಕೊಳ್ಳಿ. ಗಂಟಲಿನಿಂದ ಸಿಹಿ ಹಿಂದಕ್ಕೆ ಬರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದ ಅನುಭವ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಅವರ ಭಾಷೆಯಲ್ಲಿ ಅದು 'ಹ್ವೇ ಗಾನ್', ಮರಳಿ ಬರುವ ಸಿಹಿ. ಆಮೇಲೆ ಖಾಲಿ ಬಟ್ಟಲನ್ನು ಮೂಸಿ. ನನಗೆ ಅದರಲ್ಲಿ ಊರಿನ ಆಲೆಮನೆ ಸಿಕ್ಕಿತು, ಬೆಲ್ಲ ಕಾಯುವ ಹೊತ್ತಿನದು. ಕುಡಿದದ್ದಕ್ಕಿಂತ ಖಾಲಿ ಬಟ್ಟಲೇ ಹೆಚ್ಚು ಕೊಟ್ಟಿತು ಅಂತ ಒಂದೊಂದು ಸಲ ಅನ್ನಿಸುತ್ತದೆ.

ಮಾವನ ಡಬ್ಬಿ ಬೇಗ ಖಾಲಿಯಾದೀತು ಅನ್ನುವ ಹೆದರಿಕೆಯಿಂದ ಇಲ್ಲಿಯೇ ಒಂದು ಅಂಗಡಿಯಲ್ಲಿ ಐವತ್ತು ಗ್ರಾಂ ಊಲಾಂಗ್ ಕೊಂಡೆ. ಏಳುನೂರು ರೂಪಾಯಿ, ಟ್ಯೂಷನ್ ಹೇಳಿಕೊಟ್ಟು ಸಂಪಾದಿಸಿದ್ದು. ಪೊಟ್ಟಣದ ಮೇಲೆ 'ಇದ್ದಿಲಿನಲ್ಲಿ ಚೆನ್ನಾಗಿ ಹುರಿದದ್ದು' ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ನೀರು ಹಾಕಿದರೆ ಕಾಫಿಯ ಹಾಗೆ ಕಪ್ಪು ಬಣ್ಣ. ಆಹಾ ಅಂದುಕೊಂಡೆ. ಕುಡಿದರೆ ಬೂದಿ. ಎರಡನೆಯ ಬಟ್ಟಲೂ ಬೂದಿ. ಮೂರನೆಯದು ಬಣ್ಣದ ಬಿಸಿನೀರು. ಹೂವೂ ಇಲ್ಲ, ಕಲ್ಲೂ ಇಲ್ಲ, ಸಿಹಿ ಮೊದಲೇ ಇಲ್ಲ. ಇದೂ ಒಂದು ಬಗೆಯ ರುಚಿಯಿರಬಹುದು, ನನಗೇ ತಿಳಿಯುವುದಿಲ್ಲವೇನೋ ಅಂತ ಎರಡು ದಿನ ಸಮಾಧಾನ ಮಾಡಿಕೊಂಡೆ. ಮೂರನೇ ದಿನ ಅಪ್ಪನ ಕೈಗೆ ಕೊಟ್ಟೆ. ಅವರು ಕುಡಿಯಲೇ ಇಲ್ಲ. ಹಿಂಡಿದ ಎಲೆಯನ್ನು ಅಂಗೈಗೆ ಹಾಕಿಕೊಂಡು ಬೆರಳಿನಲ್ಲಿ ಬಿಡಿಸಲು ನೋಡಿದರು. ಎಲೆ ಬಿಡಿಸಿಕೊಳ್ಳಲಿಲ್ಲ, ಇದ್ದಿಲ ಚೂರಿನ ಹಾಗೆ ಪುಡಿಯಾಯಿತು. "ಹಳಸಿದ ಬೀಜವನ್ನು ಕಪ್ಪಗೆ ಹುರಿದರೆ ಕಾಫಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಮಗಾ. ಇದೂ ಅದೇ ಕತೆ" ಅಂದರು.

ಏಳುನೂರು ರೂಪಾಯಿಗೆ ನಾನು ಕಲಿತ ಪಾಠ ಅದೊಂದೇ, ಆದರೆ ಪೂರ್ತಿ ಕಲಿತೆ. ಬೆಂಕಿ ಗುಣವನ್ನೂ ತೋರಿಸಬಲ್ಲದು, ದೋಷವನ್ನೂ ಮುಚ್ಚಬಲ್ಲದು. ಹಳೆಯ ಎಲೆ, ಸರಿಯಾಗಿ ಬಾಡಿಸದ ಎಲೆ, ಮಳೆಗೆ ಸಿಕ್ಕ ಎಲೆ, ಯಾವುದಾದರೂ ಸರಿ, ಜೋರು ಉರಿ ಕೊಟ್ಟರೆ ಎಲ್ಲ ಒಂದೇ ಬಣ್ಣ, ಒಂದೇ ವಾಸನೆ. ಆಮೇಲೆ ಅದಕ್ಕೆ 'ಡಾರ್ಕ್ ರೋಸ್ಟ್' ಅಂತ ಚೀಟಿ ಅಂಟಿಸಿದರೆ ನನ್ನಂಥವನು ಕೊಳ್ಳುತ್ತಾನೆ. ಆದ್ದರಿಂದ ಕುಡಿದ ಮೇಲೆ ಎಲೆಯನ್ನು ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಳ್ಳೆಯ ಹುರಿತದ ಎಲೆ ಕಪ್ಪಾಗಿದ್ದರೂ ನೀರಿನಲ್ಲಿ ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ. ವೂಯಿ ಚಹಾದ ಎಲೆಯ ಮೇಲೆ ಕೆಲವು ಸಲ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತವೆ. ಅದಕ್ಕೆ ಅವರು ಕಪ್ಪೆಯ ಬೆನ್ನು ಅನ್ನುತ್ತಾರೆ, ಕಾವು ಎಲೆಯೊಳಗೆ ಹೋದದ್ದರ ಗುರುತು. ಬಣ್ಣ ಗಾಢವಿದ್ದು ರುಚಿ ನೀರಾಗಿದ್ದರೆ ಸಂಶಯಪಡಿ. ಅಲ್ಲಿಯ ಪರೀಕ್ಷಕರ ಕ್ರಮ ಇನ್ನೂ ನಿಷ್ಠುರ. 110 ಮಿಲಿಲೀಟರಿನ ಬಟ್ಟಲಿಗೆ 5 ಗ್ರಾಂ ಎಲೆ, ಕುದಿಯುವ ನೀರು. ಮೊದಲ ಸಲ 2 ನಿಮಿಷ, ಎರಡನೇ ಸಲ 3, ಮೂರನೇ ಸಲ 5 ನಿಮಿಷ ನೆನೆಸುತ್ತಾರೆ. ಅಷ್ಟು ಹೊತ್ತು ಬಿಟ್ಟರೆ ಯಾವ ದೋಷವೂ ಬಚ್ಚಿಟ್ಟುಕೊಳ್ಳಲಾರದು. ನನ್ನ ಏಳುನೂರರ ಚಹಾವನ್ನು ಹಾಗೆ ಮಾಡಿದೆ, ಐದು ನಿಮಿಷದ್ದನ್ನು ಬಾಯಿಯಲ್ಲಿಡಲು ಆಗಲಿಲ್ಲ. ಮಾವನದನ್ನು ಮಾಡಿದೆ. ಕಡುವಾಗಿತ್ತು, ಕಹಿಯೂ ಇತ್ತು. ಆದರೆ ಕಹಿ ಗಂಟಲಲ್ಲಿ ನಿಲ್ಲದೆ ಸಿಹಿಯಾಗಿ ತಿರುಗಿತು.

ನಾನು ವಾಣಿಜ್ಯದ ವಿದ್ಯಾರ್ಥಿಯಾದ್ದರಿಂದ ಲೆಕ್ಕವೂ ಕಾಣುತ್ತದೆ. ಪ್ರತಿ ಸಲ ಕಾವು ಕೊಟ್ಟಾಗಲೂ ತೂಕ ಇಳಿಯುತ್ತದೆ. ದಂಟು ಆರಿಸಿ ತೆಗೆದದ್ದು ಬೇರೆ ನಷ್ಟ. ಇದ್ದಿಲು, ರಾತ್ರಿ ನಿದ್ದೆಗೆಟ್ಟು ಕೂರುವ ಕುಶಲ ಕೆಲಸಗಾರ, ನಡುವೆ ತಿಂಗಳುಗಟ್ಟಲೆ ಗೋದಾಮಿನಲ್ಲಿ ಸಿಕ್ಕಿಬಿದ್ದ ಬಂಡವಾಳ. ಇದನ್ನೆಲ್ಲ ಕೂಡಿಸಿದರೆ ನಿಜವಾದ ಇದ್ದಿಲ ಚಹಾ ಅಗ್ಗಕ್ಕೆ ಸಿಗಲು ಕಾರಣವೇ ಇಲ್ಲ. ಹಾಗಾಗಿ ಈಗ ಬಹಳ ಕಡೆ ವಿದ್ಯುತ್ತಿನ ಒಲೆ ಬಂದಿದೆ. ಅದನ್ನು ಪೂರ್ತಿ ತೆಗಳಲಾರೆ. ಜಾಣ ಕೈ ಇದ್ದರೆ ಅದರಲ್ಲೂ ಒಳ್ಳೆಯ ಚಹಾ ಆಗುತ್ತದೆ. ತೈವಾನಿನ ಲೂಗು ಎಂಬಲ್ಲಿಯ 'ದೊಂಗ್ ದಿಂಗ್' ಊಲಾಂಗಿಗೆ ಹೆಚ್ಚಾಗಿ ಇಂಥ ಒಲೆಯೇ. ಅದು ಉಂಡೆ ಕಟ್ಟಿದ ಎಲೆ, ರುಚಿ ದುಂಡಗೆ. ಹುರಿದ ಗೋಡಂಬಿ, ಮಾಗಿದ ಹಣ್ಣು, ಕೊನೆಗೆ ಬೆಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪರೀಕ್ಷೆ ಬರೆಯಲು ಫುಜಿಯಾನಿಗೆ ಹೋದ ಲೂಗುವಿನ ಹುಡುಗನೊಬ್ಬ ವೂಯಿಯಿಂದ ಗಿಡ ತಂದ ಅಂತ ಅಲ್ಲಿ ಐತಿಹ್ಯ ಹೇಳುತ್ತಾರೆ. ಪರೀಕ್ಷೆಗೆ ಹೋದವನು ಚಹಾ ತಂದ ಅನ್ನುವ ಕಾರಣಕ್ಕೇ ನನಗೆ ಆ ಕತೆ ಇಷ್ಟ.

ಫುಜಿಯಾನಿನ ಆನ್‌ಶಿಯದು ಬೇರೆ ಕತೆ. ಅಲ್ಲಿಯ ತಿಯೆಗ್ವಾನ್‌ಯಿನ್ ಎಂಬ ಚಹಾ ಹಿಂದೆ ಚೆನ್ನಾಗಿ ಹುರಿದದ್ದೇ ಆಗಿತ್ತು. 1990ರ ದಶಕದಿಂದೀಚೆ ಹಸಿರುಹಸಿರಾದ, ಬೆಂಕಿ ಹೆಚ್ಚು ಕಾಣದ, ಹೂವಿನ ವಾಸನೆಯ ಚಹಾಕ್ಕೆ ಗಿರಾಕಿಗಳು ಮುಗಿಬಿದ್ದರು. ಬೇಗ ತಯಾರಾಗುತ್ತದೆ, ಬೇಗ ಮಾರಾಟವಾಗುತ್ತದೆ. ಆದರೆ ಅದನ್ನು ಫ್ರಿಜ್ಜಿನಲ್ಲಿಡಬೇಕು, ಕೆಲವು ತಿಂಗಳಿಗೆ ಪರಿಮಳ ಹಾರಿತು. ಹುರಿದದ್ದಕ್ಕೆ ತಗಡಿನ ಡಬ್ಬಿ ಸಾಕು, ವರ್ಷಗಟ್ಟಲೆ ಇರುತ್ತದೆ. ಈಗ ಹಳೆಯ ಪದ್ಧತಿಯದನ್ನೂ ಕೇಳಿ ಕೊಳ್ಳುವವರು ಇದ್ದಾರೆ.

ವೂಯಿಯ ಹೆಸರು ಹೇಳಿದ ಮೇಲೆ 'ದಾ ಹೋಂಗ್ ಪಾವ್' ಬಿಡುವಂತಿಲ್ಲ. ದೊಡ್ಡ ಕೆಂಪು ನಿಲುವಂಗಿ ಅಂತ ಅರ್ಥ. ಬಂಡೆಯ ಗೋಡೆಯಲ್ಲಿ ಆರು ಹಳೆಯ ಗಿಡಗಳಿವೆ. 2006ರಿಂದ ಅವುಗಳ ಎಲೆ ಕೀಳುವುದನ್ನೇ ನಿಲ್ಲಿಸಿದ್ದಾರೆ. ಹಾಗಾದರೆ ಅಂಗಡಿಯಲ್ಲಿ ಈ ಹೆಸರಿನಲ್ಲಿ ಸಿಗುವುದು ಏನು? ಆ ಗಿಡಗಳಿಂದ ಕಡ್ಡಿ ನೆಟ್ಟು ಬೆಳೆಸಿದ ಸಂತಾನದ್ದು ಇರಬಹುದು. ಹೆಚ್ಚಾಗಿ ರೋಗ್ವೇ, ಶ್ವೇ ಶ್ಯೆನ್ ಮುಂತಾದುವನ್ನು ಬೆರೆಸಿದ್ದು. ಬೆರೆಸಿದ್ದು ಅಂದರೆ ಮೋಸ ಅಂತಲ್ಲ, ಒಳ್ಳೆಯ ಬೆರಕೆಯೂ ಒಂದು ವಿದ್ಯೆ. ಆದರೆ ಮೂಲ ಗಿಡದ್ದೇ ಅಂತ ಯಾರಾದರೂ ನಿಮಗೆ ಮಾರಲು ಬಂದರೆ ಚೀಲ ಹಿಡಿದುಕೊಂಡು ಎದ್ದು ಬನ್ನಿ. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರು ವೂಯಿಗೆ 'ಬೊಹಿ' ಅನ್ನುತ್ತಿದ್ದರು. 1773ರಲ್ಲಿ ಅಮೆರಿಕದವರು ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಎಸೆದ ಚಹಾದಲ್ಲಿ ಹೆಚ್ಚಿನದು ಬೊಹಿಯೇ. 2022ರಲ್ಲಿ ಯುನೆಸ್ಕೊ ಚೀನಾದ ಚಹಾ ತಯಾರಿಯ ಸಾಂಪ್ರದಾಯಿಕ ವಿದ್ಯೆಗಳನ್ನು ತನ್ನ ಪಟ್ಟಿಗೆ ಸೇರಿಸಿದಾಗ ವೂಯಿಯ ಈ ಕೈಕೆಲಸವೂ ಅದರಲ್ಲಿ ಬಂತು.

ಇದನ್ನೆಲ್ಲ ಓದಿ ನಮ್ಮ ಕುದಿಸಿದ ಚಹಾ ಕೀಳು ಅಂತ ಯಾರೂ ತಿಳಿಯಬೇಡಿ. ನಾವು ಕುಡಿಯುವುದು ಹೆಚ್ಚಾಗಿ ಸಿ.ಟಿ.ಸಿ. ಅನ್ನುವ ಕಾಳು ಚಹಾ. ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಈ ಪದ್ಧತಿ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಶುರುವಾಯಿತು. ಒಂದೇ ಕುದಿಗೆ ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಡುವುದು ಅದರ ಗುಣ, ಹಾಲು ಸಕ್ಕರೆಗೆ ಎದುರು ನಿಲ್ಲುವುದು ಅದರ ಗಟ್ಟಿತನ. ಅದರಿಂದಲೇ ನಮ್ಮ ಮನೆಯ ಬಾಡಿಗೆ ಸಲ್ಲುತ್ತದೆ.

ಕೊನೆಗೆ ನಮ್ಮ ಮುಂಬಯಿಯ ಮಳೆಯ ವಿಷಯ ಹೇಳಲೇಬೇಕು. ಹುರಿದ ಚಹಾ ಒಣಗಿದ್ದರಿಂದಲೇ ತೇವಕ್ಕೆ ಆಸೆಪಡುತ್ತದೆ. ಜೂನ್ ತಿಂಗಳಲ್ಲಿ ನಾನು ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಮಲಗಿದೆ. ವಾರದ ಮೇಲೆ ಕುಡಿದರೆ ಚಹಾ ಮಂಕಾಗಿ ಹುಳಿ ಹುಳಿ. ಚೀನಾದಲ್ಲಿ ಹಳೆಯ ಚಹಾಕ್ಕೆ ಮತ್ತೊಮ್ಮೆ ಕಾವು ಕೊಡುವ ಕ್ರಮ ಇದೆ ಅಂತ ಓದಿದ್ದೆ, ಅಪ್ಪನಿಗೆ ಹೇಳಿದೆ. ಅವರು ಎಣ್ಣೆ ಕಾಣದ ಹೊಸ ಮಣ್ಣಿನ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟು, ಮೇಲೆ ಅಂಗೈ ಹಿಡಿದು, ಕೈ ತಾಳುವಷ್ಟು ಬಿಸಿಯಾದ ಮೇಲೆ ಎಲೆ ಹಾಕಿದರು. ಸೌಟು ಬೇಡ ಅಂತ ಬೆರಳಿನಲ್ಲೇ ಆಡಿಸಿದರು. ಮೊದಲು ಒದ್ದೆ ಗೋಣಿಯ ವಾಸನೆ ಬಂತು, ಆಮೇಲೆ ಒಣಹುಲ್ಲಿನದು. ಇಪ್ಪತ್ತು ನಿಮಿಷದ ಹೊತ್ತಿಗೆ ಸಣ್ಣಗೆ ಸಿಹಿ ವಾಸನೆ ಎದ್ದಿತು. ನಾನು ಇನ್ನೂ ಸ್ವಲ್ಪ ಆಗಲಿ ಅಂದೆ. "ನಿನ್ನ ಮೂಗಿಗೆ ಸಾಕು ಅನ್ನಿಸುವ ಮೊದಲೇ ಇಳಿಸಬೇಕು, ಕಾವಲಿಯ ಬಿಸಿ ಉಳಿದದ್ದನ್ನು ಮಾಡುತ್ತದೆ" ಅಂತ ಹೇಳಿ ಒಲೆ ಆರಿಸಿಬಿಟ್ಟರು. ಚೀನಾ ಎಲ್ಲಿದೆ ಅಂತ ಅವರಿಗೆ ಭೂಪಟದಲ್ಲಿ ತೋರಿಸಬೇಕಾದೀತು. ಆದರೆ ಕಾವಿನ ಭಾಷೆ ಅವರಿಗೆ ಗೊತ್ತು.

ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿ ಇಟ್ಟೆವು. ನಾಲ್ಕನೇ ದಿನ ತಡೆಯಲಾರದೆ ತೆಗೆದು ಕುಡಿದಾಗ ಬರೀ ಉರಿ. ಮೂರು ವಾರ ಬಿಟ್ಟು ಕುಡಿದಾಗ ಹುಳಿ ಹೋಗಿತ್ತು. ಹೂವು ಮೊದಲಿನಷ್ಟು ಇಲ್ಲ, ಆದರೆ ಐದನೇ ಬಟ್ಟಲಿನಲ್ಲಿ ಕಲ್ಲು ಬಂತು, ಆಲೆಮನೆಯೂ ಬಂತು. ಇನ್ನು ಡಬ್ಬಿಯಲ್ಲಿ ಎರಡು ಸಲಕ್ಕಾಗುವಷ್ಟು ಉಳಿದಿದೆ. ಸಂಘದ ಮುಂದಿನ ಸಭೆಗೆ ತರುತ್ತೇನೆ. ಯಾರಾದರೂ ನೀರು ಕಾಯಿಸುವ ಕೆಟಲ್ ತನ್ನಿ, ಸಣ್ಣ ಬಟ್ಟಲುಗಳಿದ್ದರೆ ಅವನ್ನೂ. ಸಕ್ಕರೆ ಬೇಡ.